ಸಾಮೆ ಡಬ್ಬಿಯೊಳಗಿನ ಹಾರಕ

ನಲವತ್ತೆರಡು ವರ್ಷ ನನ್ನ ಕೈಯಲ್ಲಿದ್ದ ಒಲೆಯನ್ನು ಅಂಗೈ ಅಗಲದ ಐದು ಚೀಟಿ ಕಿತ್ತುಕೊಂಡವು. ಮಗನಿಗೆ ಸಕ್ಕರೆ ಕಾಯಿಲೆ ಬಂತು. ಅಕ್ಕಿ ಬಿಡಿ, ಸಿರಿಧಾನ್ಯ ತಿನ್ನಿ ಅಂದರು ಡಾಕ್ಟರು. ಸೊಸೆ ನವಣೆ, ಸಾಮೆ, ಊದಲು, ಬರಗು, ಹಾರಕ ಐದನ್ನೂ ತಂದು, ಐದು ಡಬ್ಬಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ, ಚೀಟಿಯಲ್ಲಿದ್ದದ್ದೇ ಸತ್ಯ. ನಾನೋ, ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

"ನಿಮಗೆ ಗಲಿಬಿಲಿಯಾಗುತ್ತೆ ಅತ್ತೆ. ನಾನೇ ಬೇಯಿಸ್ತೀನಿ ಬಿಡಿ" ಅಂದಳು. (ಪಟ್ಟದಿಂದ ಇಳಿಸುವವರು ಇಷ್ಟೇ ಮೆತ್ತಗೆ ಮಾತಾಡುವುದು.)

ನಾಲ್ಕನೇ ದಿನ ಮಗನಿಗೆ ಹೊಟ್ಟೆನೋವು. ನಾನು ಸಾಮೆ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ನೋಡಿದೆ. ದಪ್ಪ ಕಾಳು, ಕಂದು, ಒರಟು.

"ಇದು ಸಾಮೆಯಲ್ಲ ಕಣಮ್ಮ, ಹಾರಕ. ರಾತ್ರಿಯೇ ನೆನೆಸಿಡಬೇಕು. ನೀನು ಸಾಮೆ ಥರ ಗಡಿಬಿಡಿಯಲ್ಲಿ ಇಳಿಸಿದ್ದೀಯ."

"ಡಬ್ಬಿ ಮೇಲೆ ಸಾಮೆ ಅಂತ ಬರೆದಿದೆಯಲ್ಲ ಅತ್ತೆ."

"ಬರೆದವರು ಯಾರು?"

"ನಾನೇ."

"ಕಾಳು ಅದನ್ನ ಓದಿಕೊಂಡಿಲ್ಲ."

"ಚೀಟಿ ನಂಬದೆ ಮಾತ್ರೆ ಕೊಟ್ಟರೆ ಜನ ಸಾಯ್ತಾರೆ, ಗೊತ್ತಾ?"

"ನಂಬಿ ಬೇಯಿಸಿದ್ದಕ್ಕೇ ಅಲ್ವಾ ನಿನ್ನ ಗಂಡ ಹೊಟ್ಟೆ ಹಿಡಕೊಂಡು ಬಿದ್ದಿರೋದು!"

ಬಿದ್ದವನು ಎದ್ದು ಬಂದ. "ಜಗಳ ಬೇಡ. ಅಮ್ಮ ಕಣ್ಣು ಕಟ್ಟಿಕೊಂಡು ಐದನ್ನೂ ಗುರುತು ಹಿಡೀಲಿ."

"ಹಿಡಿದರೆ ಒಲೆ ನನ್ನದು" ಅಂದೆ.

ಸೊಸೆ ತಾನೇ ಬಟ್ಟೆ ಕಟ್ಟಿದಳು. (ಕಣ್ಣಿನ ಜೊತೆ ಮೂಗನ್ನೂ ಸೇರಿಸಿ.) ನವಣೆ ಬೆರಳ ಸಂದಿಯಿಂದ ಜಾರಿತು. ಬರಗು ದುಂಡಗೆ, ನುಣ್ಣಗೆ. ಹಾರಕವಂತೂ ಹಳೇ ಪರಿಚಯ. ಊದಲು, ಸಾಮೆ ಎರಡೂ ಅಕ್ಕತಂಗಿಯರ ಹಾಗೆ. ಅವನ್ನು ಹಲ್ಲಿಗೆ ಕೊಟ್ಟೆ. (ಉಳಿದದ್ದು ಏಳೇ ಹಲ್ಲು. ಎರಡು ಎದುರುಬದುರು ಇವೆ, ಸಾಕು.) ಐದಕ್ಕೆ ಐದೂ ಸರಿ!

"ಹಾಗಾದರೆ ಒಲೆ?" ಕಣ್ಣಿನ ಬಟ್ಟೆ ಬಿಚ್ಚುತ್ತಾ ಕೇಳಿದೆ.

"ಛೆ ಛೆ! ಇಂಥ ಕೈಯನ್ನ ಒಲೆ ಮುಂದೆ ಸುಡೋದಾ?" ಅಂದ ಮಗ.

"ಹೌದು ಅತ್ತೆ, ನಿಮ್ಮದು ದೊಡ್ಡ ವಿದ್ಯೆ. ಬೇಯಿಸೋ ಚಾಕರಿ ನನಗಿರಲಿ" ಅಂದಳು ಸೊಸೆ. ಇಪ್ಪತ್ತು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಮಾತು ಆಡಿದ್ದು ಅವತ್ತೇ.

ಮಾರನೆಯ ಬೆಳಿಗ್ಗೆ ಕಿಟಕಿ ಪಕ್ಕ ನನಗೊಂದು ಕುರ್ಚಿ, ಒಂದು ಮೊರ. ಎದುರಿಗೆ ಅವಳ ಜೊತೆ ಅಂಗಡಿಯಲ್ಲಿ ಕೆಲಸ ಮಾಡುವ ನಾಲ್ವರ ಮನೆಯ ಕಾಳಿನ ಚೀಲಗಳು. ಯಾವುದು ಯಾವ ಧಾನ್ಯ ಅಂತ ಹೇಳಬೇಕಂತೆ. ಹಾಗೆಯೇ, ಕೈಗೆ ಸಿಕ್ಕರೆ, ಕಲ್ಲೂ ಆರಿಸಬೇಕಂತೆ.

ನಿನ್ನೆ ಊಟಕ್ಕೆ ಕೂತು ಒಂದು ತುತ್ತು ಅಗಿದೆ. ತಡೆಯಲಾಗಲಿಲ್ಲ, ಹೇಳಿಯೇಬಿಟ್ಟೆ: "ಬರಗು. ನೀರು ಸಾಲದು. ಅರ್ಧ ಬೆಂದಿದೆ."

ಮಗ ಎದೆಯುಬ್ಬಿಸಿ ಹೆಂಡತಿ ಕಡೆ ತಿರುಗಿದ. "ನೋಡಿದೆಯಾ? ಅರ್ಧ ಬೆಂದಿದ್ದರೂ ಹೆಸರು ಹೇಳ್ತಾರೆ!"

ಸೊಸೆ ಮನಸಾರೆ ಮೆಚ್ಚಿ ನನಗೆ ಇನ್ನೊಂದು ಸೌಟು ಬಡಿಸಿದಳು.