ನನ್ನ ಉಪವಾಸದ ದಿನವೇ ಉಪವಾಸ ಕೂರುವ ಫಿಲ್ಟರಿಗೆ

ಸ್ಪ್ರೇಯರ್ ಟ್ಯಾಂಕಿನ ಬುಡದಲ್ಲಿ ವಾಸವಾಗಿರುವ ಮಾನ್ಯ ಫಿಲ್ಟರ್ ಅವರೇ,

ತಮ್ಮ ಸಣ್ಣ ಸಣ್ಣ ಕಣ್ಣುಗಳಿಗೆಲ್ಲ ಒಂದೊಂದರಂತೆ ನನ್ನ ನಮಸ್ಕಾರಗಳು.

ಇಂದು ನನ್ನ ಉಪವಾಸ. ಬೆಳಕು ಹರಿಯುವ ಮೊದಲೇ ಎದ್ದು, ಅಂಗಳ ಗುಡಿಸಿ, ಕೋಳಿಗಳನ್ನು ಬಿಟ್ಟು, ತಿನ್ನುವವರಿಗೆ ತಿನ್ನಲು ಮಾಡಿಟ್ಟು, ದೇವರಿಗೆ ದೀಪ ಹಚ್ಚಿ, ಖಾಲಿ ಹೊಟ್ಟೆಯ ಸಮಾಧಾನದಲ್ಲಿ ಈ ಪತ್ರ ಬರೆಯಲು ಕೂತಿದ್ದೇನೆ. ಹೊಟ್ಟೆ ತುಂಬಿದ ದಿನ ಬರೆದಿದ್ದರೆ ಭಾಷೆ ಬೇರೆ ಇರುತ್ತಿತ್ತು. ಬರೆದಾದ ಮೇಲೆ ಇದನ್ನು ಶೆಡ್ಡಿನ ಬಾಗಿಲಿಗೆ ಹಚ್ಚುತ್ತೇನೆ. ತಮಗೆ ಓದು ಬಾರದಿದ್ದರೆ ಚಿಂತೆಯಿಲ್ಲ, ಓದು ಬಂದೂ ಓದದ ಇಬ್ಬರು ಅದೇ ಬಾಗಿಲಲ್ಲಿ ಓಡಾಡುತ್ತಾರೆ, ಅವರಿಂದ ಓದಿಸಿಕೊಳ್ಳುವುದು.

ವಿಷಯ ಇಷ್ಟೇ. ಹೊಲದಲ್ಲಿ ಕಳೆ ಎರಡೆಲೆ ಬಿಟ್ಟು ನಮ್ಮನ್ನೇ ನೋಡಿ ನಗುತ್ತಿರುವ ಈ ದಿನಗಳಲ್ಲಿ, ನಮ್ಮ ಯಜಮಾನರು ಮತ್ತು ಅವರ ತಮ್ಮ ಕಳೆನಾಶಕದ ಪುಡಿ ಕಲಸಿ ಟ್ರ್ಯಾಕ್ಟರ್ ಹೊರಡಿಸಿದರೆ, ತಾವು ಬೇರೆ ದಿನಗಳಲ್ಲಿ ಗೊಣಗಿಕೊಂಡಾದರೂ ಕೆಲಸ ಮಾಡುತ್ತೀರಿ. ನನ್ನ ಉಪವಾಸದ ದಿನ ಮಾತ್ರ ಹೊಲದ ಮೊದಲ ಸಾಲಿನಲ್ಲೇ ಕಟ್ಟಿಕೊಂಡು ಕೂರುತ್ತೀರಿ. ಇದರಿಂದ ಮನೆಯಲ್ಲಿ ನನ್ನ ಮರ್ಯಾದೆ ಏನಾಗಿದೆ ಎಂಬುದು ಟ್ಯಾಂಕಿನೊಳಗಿನ ಕತ್ತಲೆಯಲ್ಲಿರುವ ತಮಗೆ ತಿಳಿಯದು. "ನೀನು ಉಪವಾಸ ಕೂತ ದಿನ ಅದೂ ಉಪವಾಸ ಕೂರುತ್ತೆ ಕಣೇ, ಒಂದು ತೊಟ್ಟೂ ಇಳಿಸಲ್ಲ" ಎಂದು ಯಜಮಾನರು. "ಅತ್ತಿಗೆ, ಕಳೆ ಸಾಯೋವರೆಗೆ ದೇವರ ಹತ್ತಿರ ರಜಾ ಕೇಳಿ" ಎಂದು ಮೈದುನ. ಮೊನ್ನೆ ಯಜಮಾನರು ತಮಾಷೆ ಬಿಟ್ಟು ಹೇಳಿಯೇಬಿಟ್ಟರು: ಈ ಸಲವೂ ಕಟ್ಟಿಕೊಂಡರೆ ಉಪವಾಸ ನಿಲ್ಲಿಸಬೇಕಂತೆ.

ತಮ್ಮ ನಿಷ್ಠೆಯನ್ನು ನಾನು ಹೊಗಳದೆ ಇರಲಾರೆ. ನಾನಾದರೂ ನಡುವೆ ಒಂದು ಲೋಟ ನೀರು ಕುಡಿಯುತ್ತೇನೆ, ತಾವು ಅದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಷ್ಟು ದೊಡ್ಡ ಸಂಸಾರದಲ್ಲಿ, ಕೊಟ್ಟದ್ದನ್ನೆಲ್ಲ ನುಂಗಿಕೊಂಡು ಹೋಗುವುದಿಲ್ಲ ಎಂದು ಪಟ್ಟು ಹಿಡಿದವರು ತಾವೊಬ್ಬರೇ. ನಾನು ಈ ಮನೆಗೆ ಬಂದ ಹೊಸದರಲ್ಲಿ ತಮ್ಮ ಪರಿಚಯ ಆಗಿದ್ದರೆ ಬಹಳ ಕಲಿಯುತ್ತಿದ್ದೆ.

ಆದರೆ ಹೋದ ಉಪವಾಸದ ದಿನ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ ಮೇಲೆ ತಮ್ಮ ವ್ರತದ ಗುಟ್ಟು ತಿಳಿಯಿತು. ನಮ್ಮಲ್ಲಿ ಕೆಲಸ ಹಂಚಿಕೆಯಾದದ್ದು ಮಾವನವರ ಕಾಲದಲ್ಲಿ. ಔಷಧಿ ಹಾಕುವುದು ಅಣ್ಣನ ಪಾಲು, ಅದು ಎಲೆಗೆ ಹಿಡಿಯಲೆಂದು ಬೆರೆಸುವ ಎಣ್ಣೆ ತಮ್ಮನ ಪಾಲು, ನೀರು ಎಂಬುದು ಎಲ್ಲಿದ್ದರೂ ಹೆಂಗಸರ ಪಾಲು. ಹಾಗಾಗಿ ಅಣ್ಣನವರು ಒಣ ಟ್ಯಾಂಕಿಗೆ ಪುಡಿ ಸುರಿದು ಕೈ ಕೊಡವುತ್ತಾರೆ. ಅಣ್ಣನಿಗಿಂತ ತಾನೇನು ಕಡಿಮೆ ಎಂದು ತಮ್ಮ ಅದರ ಮೇಲೆ ಎಣ್ಣೆ ಹುಯ್ಯುತ್ತಾನೆ. ಆಮೇಲೆ ಇಬ್ಬರೂ ನೆರಳಿಗೆ ಹೋಗಿ "ನೀರು ಬಿಡು" ಎಂದು ನನ್ನನ್ನು ಕೂಗುತ್ತಾರೆ. ಬೇರೆ ದಿನ ನಾನು ಓಡಿಬಂದು ನಲ್ಲಿ ತಿರುಗಿಸುತ್ತೇನೆ. ಉಪವಾಸದ ದಿನ ಪ್ರಾರ್ಥನೆ ನಿಧಾನ. ಅದು ಮುಗಿಯುವ ಹೊತ್ತಿಗೆ ಪುಡಿಯೂ ಎಣ್ಣೆಯೂ ಒಂದನ್ನೊಂದು ಅಪ್ಪಿಕೊಂಡು, ಮುರಿದ ಕಿಟಕಿಗೆ ಗಾಜು ಕೂರಿಸಬಹುದಾದಂಥ ಅಂಟಾಗಿರುತ್ತವೆ. ಅದನ್ನು ತಮ್ಮ ಬಾಯಿಗೆ ತುರುಕಿ, ನುಂಗಲಿಲ್ಲವೆಂದು ನನ್ನ ದೇವರನ್ನು ಬೈಯುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಕಾಗದ ಹಾಳುಮಾಡುತ್ತಿರಲಿಲ್ಲ. ತಾವು ಕಟ್ಟಿಕೊಂಡಾಗ ಯಜಮಾನರು ಸಿಟ್ಟಿನಿಂದ ತಮ್ಮನ್ನು ಕಿತ್ತು ಪಕ್ಕಕ್ಕಿಟ್ಟು ಹಾಗೇ ಟ್ರ್ಯಾಕ್ಟರ್ ಓಡಿಸುತ್ತಾರೆ. ಆಗ ಗಂಟುಗಳೆಲ್ಲ ಮುಂದಕ್ಕೆ ಹೋಗಿ ಔಷಧಿ ಚಿಮ್ಮುವ ನಾಜಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಅವರು ಏನು ಮಾಡುತ್ತಾರೆ ಗೊತ್ತೇ? ನಾಜಲ್ ಬಿಚ್ಚಿ, ಅಂಗಿಗೆ ಒರೆಸಿ, ಬಾಯಿಗಿಟ್ಟು ಊದುತ್ತಾರೆ, ಜಾತ್ರೆಯ ಪೀಪಿ ಊದಿದ ಹಾಗೆ. ರಾತ್ರಿಯೆಲ್ಲ ಕೆಮ್ಮು. ಕೇಳಿದರೆ "ಧೂಳು" ಅನ್ನುತ್ತಾರೆ. ಅವರ ಎದೆ ಮೊದಲೇ ಗಟ್ಟಿಯಲ್ಲ. ಒಂದು ಸಲ ಜ್ವರ ಎದೆಗಿಳಿದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನಾನು ಈ ಉಪವಾಸ ಹಿಡಿದದ್ದು. ಯಾರ ಉಸಿರು ಉಳಿಯಲೆಂದು ನಾನು ಹಸಿದು ಕೂರುತ್ತೇನೋ, ಆ ಮಹಾರಾಯರು ಅದೇ ಉಸಿರನ್ನು ವಿಷದ ತೂತಿಗೆ ಊದಿ ಬರುತ್ತಾರೆ. ದೇವರಿಗೂ ನನ್ನನ್ನು ಕಂಡರೆ ಪಾಪ ಅನ್ನಿಸಿರಬೇಕು.

ಅದಕ್ಕೇ ಇವತ್ತು ಪ್ರಾರ್ಥನೆಗೆ ಮೊದಲು ಶೆಡ್ಡಿಗೆ ಬಂದು ಅರ್ಧ ಟ್ಯಾಂಕ್ ನೀರು ತುಂಬಿಸಿದ್ದೇನೆ. ಓರಗಿತ್ತಿ ಔಷಧಿಯ ಪೊಟ್ಟಣದ ಹಿಂದಿರುವುದನ್ನು ಓದಿ ಹೇಳಿದಳು: ಅರ್ಧ ನೀರಿರಬೇಕು, ಕಲಕುವ ರೆಕ್ಕೆ ತಿರುಗುತ್ತಿರಬೇಕು, ಪುಡಿಯನ್ನು ಬೇರೆ ಬಕೆಟ್ಟಿನಲ್ಲಿ ನೀರು ಹಾಕಿ ಗಂಟಿಲ್ಲದೆ ಕದಡಿ ನಿಧಾನವಾಗಿ ಸುರಿಯಬೇಕು, ಅದು ಪೂರ್ತಿ ಕರಗಿ ಬೆರೆತ ಮೇಲೆ ಉಳಿದ ನೀರು, ಎಣ್ಣೆ ಎಲ್ಲಕ್ಕಿಂತ ಕೊನೆಗೆ. ಕಲಸಿದ್ದನ್ನು ಬಿಟ್ಟು ಊಟಕ್ಕೆ ಹೋಗಿ ನಿದ್ದೆ ಹೊಡೆಯಬಾರದು, ಪುಡಿ ತಳಕ್ಕೆ ಕೂರುತ್ತದೆ. "ಅಕ್ಕಾ, ಇಷ್ಟೇನಾ? ಇದು ನಮಗೆ ಹಿಟ್ಟು ಕದಡುವಾಗ್ಲೇ ಬರುತ್ತಲ್ಲ" ಅಂದಳು. "ನಮಗೆ ಬರುತ್ತೆ, ನಾವು ಹಾಕೋದು ನೀರು ಮಾತ್ರ" ಅಂದೆ.

ಬಕೆಟ್ಟು, ಕೋಲು, ಕೈಗವಸು ಟ್ಯಾಂಕಿನ ಪಕ್ಕದಲ್ಲಿಟ್ಟಿದ್ದೇನೆ. ಒಣ ಟ್ಯಾಂಕಿಗೇ ಪುಡಿ ಸುರಿಯಬೇಕೆಂದರೆ ಇನ್ನು ಅವರು ಮೊದಲು ಅಷ್ಟೂ ನೀರು ಹೊರಗೆ ಚೆಲ್ಲಬೇಕು. ಅಷ್ಟು ಕೆಲಸ ಮಾಡುವ ಹುರುಪು ಆ ಅಣ್ಣತಮ್ಮಂದಿರಿಗೆ ಇಲ್ಲ ಎಂಬ ನಂಬಿಕೆ ನನಗೆ ದೇವರ ಮೇಲಿರುವ ನಂಬಿಕೆಯಷ್ಟೇ ಗಟ್ಟಿ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆ. ಇವತ್ತು ದಯವಿಟ್ಟು ವ್ರತ ಮುರಿಯಿರಿ, ಪಾಪ ಬಂದರೆ ನನ್ನ ತಲೆಗೆ. ಸಾಧ್ಯವಾದರೆ ತಮ್ಮ ವಂಶದವರೊಬ್ಬರನ್ನು ಮೈದುನನ ಗಂಟಲಿಗೆ ಕೂರಿಸಿ, ಮಾತು ಸೋಸಿ ಹೊರಗೆ ಬರಲಿ. ಇನ್ನೊಬ್ಬರು ಯಜಮಾನರ ತುಟಿಯ ಮೇಲೆ ನೆಲೆಸಿ, ನಾಜಲ್ ಹತ್ತಿರ ಬಂದಾಗಲೆಲ್ಲ ಕಟ್ಟಿಕೊಳ್ಳಲಿ. ಅಲ್ಲಿ ಎಷ್ಟು ದಿನ ಉಪವಾಸ ಕೂತರೂ ನಾನು ದೂರು ಬರೆಯುವುದಿಲ್ಲ.

ಸಂಜೆಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ನೀರು ಬಿಡುವವಳು

ಮರೆತ ಮಾತು: ದೇವರ ದೀಪ ಉಜ್ಜುವ ನನ್ನ ಬ್ರಷ್ಷಿನಿಂದ ತಮ್ಮನ್ನು ಉಜ್ಜಿದವರು ಯಾರೆಂದು ಕೇಳುವುದಿಲ್ಲ. ಅದು ಇನ್ನು ತಮಗೇ ಇರಲಿ. ಮೈದುನ ನಿನ್ನೆ ತಂದು ಇನ್ನೂ ಬಿಚ್ಚದ ಹಲ್ಲುಜ್ಜುವ ಬ್ರಷ್ಷು ದೀಪದ ಸೇವೆಗೆ ಸೇರಿದೆ, ಹುಡುಕಬೇಕಾಗಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ತಮ್ಮನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಆಚೆಯ ಆಕಾಶ ಕಂಡರೆ ಅದೇ ತಮ್ಮ ಉತ್ತರವೆಂದು ತಿಳಿಯುತ್ತೇನೆ. ತಮ್ಮನ್ನು ಹಿತ್ತಲ ಮೆಟ್ಟಿಲವರೆಗೆ ಯಜಮಾನರೇ ತರಲಿ, ಕೈಗವಸು ಹಾಕಿಕೊಂಡು. ಸ್ವಲ್ಪ ಕೊಳೆ ಇದ್ದರೂ ಸರಿ, ಊದಿ ತರುವುದು ಬೇಡ. ಅವರು ಬರುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ.