ಕೋರ್ಸ್ ಆರಿಸೋ ಕಂಪ್ಯೂಟರಿನ ಅಧಿಕಪ್ರಸಂಗ

ಅಡ್ಮಿಷನ್ ಬಂತೆಂದರೆ ಕಾಲೇಜಲ್ಲಿ ಏನಾದರೊಂದು ಅವಾಂತರ ಆಗದೇ ಇರಲ್ಲ. ಆದರೆ ಚಳ್ಳಕೆರೆಯ ನಮ್ಮ ಡಿಗ್ರಿ ಕಾಲೇಜಿಗೆ ಆ ಕಂಪ್ಯೂಟರ್ ಪ್ರೋಗ್ರಾಂ ಬಂದ ವರ್ಷ ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ. ಹುಡುಗರು ಪ್ರಶ್ನೆಗಳ ಹಾಳೆ ತುಂಬಿ ಕೊಡಬೇಕು, ನಾನು ಅದನ್ನ ಕಂಪ್ಯೂಟರಿಗೆ ಹಾಕಬೇಕು. ಯಾರು ಬಿ.ಎ. ಓದಬೇಕು, ಯಾರು ಬಿ.ಎಸ್ಸಿ. ಓದಬೇಕು ಅಂತ ಅದು ಹೇಳುತ್ತಂತೆ! ಇಷ್ಟು ವರ್ಷ ಪಾಠ ಮಾಡಿದ ನಾವೇನು ಮಂಡಕ್ಕಿ ತಿಂತಾ ಕೂತಿದ್ವಾ?

೧. ಮಾದರಿ ಹಾಳೆ

ಮೊದಲ ದಿನ ಗುಮಾಸ್ತರು ಪದ್ಧತಿಯಂತೆ ಒಂದು ಹಾಳೆ ತುಂಬಿ, ಮೇಲೆ 'ಮಾದರಿ' ಅಂತ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಫಾರಂ ಅಂದರೆ ನಮ್ಮಲ್ಲಿ ಹಂಗೇ, ಗೋಡೆ ನೋಡಿ ಬರೆಯೋದು. ಮೊಳಕಾಲ್ಮೂರು ಬಸ್ಸಿಳಿದು ಬಂದ ಹುಡುಗರೆಲ್ಲ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಪಿ ಹೊಡೆದರು. ಕಂಪ್ಯೂಟರ್ ಅಷ್ಟೂ ಜನಕ್ಕೆ ಒಂದೇ ಕೋರ್ಸ್ ಹೇಳಿತು: ಗೃಹವಿಜ್ಞಾನ. ಮೀಸೆ ಬಂದ ಗಂಡುಹುಡುಗರಿಗೆ! ನಮ್ಮ ಕಾಲೇಜಲ್ಲಿ ಆ ಕೋರ್ಸೇ ಇರಲಿಲ್ಲ.

"ಏನ್ರೀ ಬರೆದಿದ್ರಿ ಮಾದರೀಲಿ?" ಅಂತ ಗುಮಾಸ್ತರ ಮೇಲೆ ರೇಗಿದೆ.

"ಇಷ್ಟವಾದ ಕೆಲಸ ಯಾವುದು ಅಂತ ಕೇಳಿತ್ತು ಸಾರ್. ನನಗೆ ಅಡುಗೆ ಇಷ್ಟ," ಅಂದರು.

೨. ನಿಜ ಬರೆದ ತಪ್ಪಿಗೆ

ತಳಕು ಕಡೆಯ ಹುಡುಗಿ ಒಬ್ಬಳು, ಕುರಿ ಸಾಕೋ ಮನೆಯವಳು. ಪಿಯುಸಿ ಸೈನ್ಸಲ್ಲಿ ಒಳ್ಳೆ ಮಾರ್ಕ್ಸು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಬೇಕು ಅಂತ ಆಸೆಯಿಂದ ಬಂದಿದ್ದಳು. ಪಾಪ, ಗೋಡೆ ನೋಡದೆ ನಿಜ ಬರೆದಿದ್ದಳು. 'ಪ್ರಾಣಿಗಳ ಜೊತೆ ಕಾಲ ಕಳೆಯುವುದು ಇಷ್ಟವೇ?' ಅನ್ನೋ ಪ್ರಶ್ನೆಗೆ 'ಇಲ್ಲ'. ಸೈನ್ಸ್ ಬೇಡ, ಬಿ.ಎ. ಕೊಡಿ ಅಂದುಬಿಡ್ತು ಆ ದರಿದ್ರ ಡಬ್ಬ.

"ಯಾಕಮ್ಮ ಹಂಗೆ ಬರೆದೆ?"

"ರಜ ಬಂದ್ರೆ ಕುರಿ ಹಿಂದೆ ತಿರುಗೋದೇ ಆಗೈತೆ ಸಾ. ಸಾಕಾಗೈತೆ. ಅವು ಯಾವ ರೋಗಕ್ಕೆ ಸಾಯ್ತವೆ ಅಂತ ಓದಬೇಕು ನಾನು."

ಬೀದಿನಾಯಿ ಕಂಡರೆ ಓಟ ಕೀಳೋ ಪೇಟೆ ಹುಡುಗನೊಬ್ಬ 'ತುಂಬಾ ಇಷ್ಟ' ಅಂತ ಬರೆದು ಪ್ರಾಣಿಶಾಸ್ತ್ರ ಗಿಟ್ಟಿಸಿಕೊಂಡಿದ್ದ!

೩. ಸಹಿ ಯಾರದ್ದು?

ಮರುದಿನವೇ ಅಡ್ಮಿಷನ್ ಕೊನೆ. ನಾನು ಬಾಯಿ ಬಡ್ಕೊಂಡರೂ ಪ್ರಿನ್ಸಿಪಾಲರು ಕೇಳಲಿಲ್ಲ. "ಕಂಪ್ಯೂಟರ್ ಬೇಡ ಅಂದಮೇಲೆ ಮುಗೀತು" ಅಂತ ಹುಡುಗಿಯ ಫಾರಂ ಪಕ್ಕಕ್ಕೆ ತಳ್ಳಿದರು. ಹುಡುಗಿ ಅಳೋದಕ್ಕೆ ಶುರು ಮಾಡಿದಳು. ಜೊತೆಗೆ ಬಂದಿದ್ದ ಅವಳ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಸಾಹೇಬ್ರೆ, ಈ ಫಾರಮ್ಮಿಗೆ ಸಹಿ ಅದು ಹಾಕ್ತೈತೇನ್ರಿ?"

"ಅದಕ್ಕೆಲ್ಲಿ ಸಹಿ ಹಾಕೋಕೆ ಬರುತ್ತಮ್ಮ? ನಾನೇ ಹಾಕಬೇಕು."

"ಹಂಗಾದ್ರೆ ಅದೂ ನನ್ನಂಗೆ ಹೆಬ್ಬೆಟ್ಟೇ! ಇಷ್ಟೆಲ್ಲ ಓದ್ಕಂಡು ಹೆಬ್ಬೆಟ್ಟಿನ ಮಾತು ಕೇಳ್ತೀರಲ್ರಿ! ಕೇಳೋದೇ ಆದ್ರೆ ನನ್ನ ಮಾತು ಕೇಳ್ರಿ. ಅದಕ್ಕಿಂತ ವಯಸ್ಸಲ್ಲಾದ್ರೂ ದೊಡ್ಡೋಳು."

ಪ್ರಿನ್ಸಿಪಾಲರು ಪೆನ್ನು ತೆಗೆದು ಪ್ರಾಣಿಶಾಸ್ತ್ರಕ್ಕೆ ಸಹಿ ಹಾಕಿದರು.