ಅರ್ಧ ಬಾವಿ ಮತ್ತು ನನ್ನ ಲಾನು

ಮನುಷ್ಯನಿಗೆ ಹಿಡಿಯಬಾರದ ಹುಚ್ಚುಗಳಲ್ಲಿ ಹುಲ್ಲಿನ ಹುಚ್ಚೂ ಒಂದು. ದನಕ್ಕಾದರೆ ಅದು ಸಹಜ. ಬ್ಯಾಂಕಿನಿಂದ ನಿವೃತ್ತನಾದ ನನ್ನಂಥವನಿಗೆ ಹಿಡಿದರೆ ಮನೆಯವರ ಪಾಡು ದೇವರಿಗೇ ಪ್ರೀತಿ. ಬಸವನಗುಡಿಯ ನಮ್ಮ ಹಳೇ ಮನೆಯ ಪಕ್ಕದಲ್ಲಿ ನಾಲ್ಕು ಚಾಪೆ ಹಾಸುವಷ್ಟು ಜಾಗವಿದೆ. ಅಲ್ಲಿದ್ದ ಒಂದೆಲಗ, ದೊಡ್ಡಪತ್ರೆಗಳನ್ನೆಲ್ಲ ಕಿತ್ತು ಲಾನ್ ಮಾಡಿಸಿದೆ. “ತಂಬುಳಿಗೆ ಆಗ್ತಿದ್ದ ಸೊಪ್ಪು ಕಿತ್ತಾಯ್ತಲ್ಲ, ಇನ್ಮೇಲೆ ಹುಲ್ಲಿನ ತಂಬುಳಿ ಮಾಡ್ಲಾ?” ಎಂದು ನನ್ನ ಹೆಂಡತಿ ಪದ್ಮ ಕೇಳಿದಳು. ಹುಚ್ಚು ಹಿಡಿದವನಿಗೆ ಇಂಥ ಮಾತು ತಟ್ಟುವುದಿಲ್ಲ. ಗೊಬ್ಬರದಂಗಡಿಯವನು ಯೂರಿಯಾ ಕಟ್ಟಿಕೊಡುತ್ತ, “ಒಂದ್ ಹಿಡಿ ಸಾಕು ಸಾರ್, ಜಾಸ್ತಿ ಹಾಕ್ಬೇಡಿ” ಅಂದಿದ್ದ. ಒಂದು ಹಿಡಿಗೆ ಇಷ್ಟು ಹಸಿರಾದರೆ ಮೂರು ಹಿಡಿಗೆ ಎಷ್ಟಾಗಬೇಡ ಎಂಬುದು ನನ್ನ ಲೆಕ್ಕ. ಅದೂ ಮೋಡ ಕಟ್ಟುವವರೆಗೆ ಕಾದಿದ್ದು ಎರಚುತ್ತಿದ್ದೆ. ಮಳೆಯೇ ಕರಗಿಸಿಕೊಟ್ಟರೆ ಪೈಪು ಹಿಡಿದು ನಿಲ್ಲುವ ಶ್ರಮ ಉಳಿಯಿತಲ್ಲ!

ಲಾನಿನ ತುದಿಯಲ್ಲೇ ನಮ್ಮ ಬಾವಿ. ಅಂದರೆ ಅರ್ಧ ಬಾವಿ. ಹಿಂದೆ ಯಾರೋ ಅಣ್ಣತಮ್ಮಂದಿರು ಜಾಗ ಪಾಲು ಮಾಡಿಕೊಂಡಾಗ ಬಾವಿಯನ್ನು ಇಬ್ಬರೂ ಬಿಡಲೊಲ್ಲದೆ, ಕಾಂಪೌಂಡ್ ಗೋಡೆಯನ್ನು ಅದರ ಬಾಯಿಯ ನಡುವೆಯೇ ಕಟ್ಟಿಸಿದ್ದರು. ಆ ಕಡೆಗೊಂದು ರಾಟೆ, ಈ ಕಡೆಗೊಂದು ರಾಟೆ. ಕೆಳಗಿನ ನೀರು ಮಾತ್ರ ಒಂದೇ. ಆಚೆಯ ಅರ್ಧ ಸರೋಜಾ ಮಿಸ್ ಅವರದು. ಸ್ಕೂಲಿನಿಂದ ನಿವೃತ್ತರಾಗಿ ಬಹಳ ಕಾಲವಾದರೂ ಇಡೀ ಬೀದಿಗೆ ಅವರು ಇವತ್ತಿಗೂ ಮಿಸ್ಸೇ. ಕುಡಿಯಲು ನಲ್ಲಿಯಲ್ಲಿ ಕಾವೇರಿ ಬಂದರೂ ಅವರ ದೇವರ ಅಭಿಷೇಕಕ್ಕೆ ಬಾವಿ ನೀರೇ ಆಗಬೇಕು. ಬಾವಿಯ ಪಕ್ಕ ಅವರು ಕೆಲಸಕ್ಕೆ ಸೇರಿದ ವರ್ಷ ನೆಟ್ಟ ಸಂಪಿಗೆ ಮರವಿದೆ. ಅದರ ಅರ್ಧ ಹೂವು ಗೋಡೆ ದಾಟಿ ನಮ್ಮ ಕಡೆಗೇ ಬೀಳುತ್ತದೆ, ಬೆಳಿಗ್ಗೆ ಪದ್ಮಳ ಮುಡಿ ಸೇರುತ್ತದೆ. ಈ ಬಾವಿಗೆ ನನ್ನ ಕೊಡುಗೆಯೂ ಇರಲೆಂದು, ಮಳೆನೀರು ಪೋಲಾಗದಂತೆ ಲಾನಿನಿಂದ ಬಾವಿಕಟ್ಟೆಗೆ ಪುಟ್ಟ ಕಾಲುವೆ ತೋಡಿ, ಕಟ್ಟೆಗೊಂದು ತೂತು ಕೊರೆಸಿದೆ. ಆಮೇಲೆ ಮಳೆನೀರು ಕೊಯ್ಲಿನ ಬಗ್ಗೆ ನನ್ನ ಉಪನ್ಯಾಸ ಕೇಳದೆ ನಮ್ಮ ಗೇಟು ದಾಟಿದವರು ಕಡಿಮೆ.

ಈ ಮಳೆಗಾಲದಲ್ಲಿ ಬಾವಿ ನೀರು ಹಸಿರಾಗಿ ವಾಸನೆ ಹೊಡೆಯತೊಡಗಿತು. ಮಿಸ್ ದೇವರಿಗೆ ನಲ್ಲಿ ನೀರು ಹಿಡಿಯುವಂತಾಯಿತು. “ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಪ್ಪಾ” ಎಂದು ಅವರು ದೇವರನ್ನು ದಿನವೂ ಸಮಾಧಾನ ಮಾಡುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನನಗೆ ರೇಗಿಹೋಯಿತು. ಬಾವಿಗೆ ಬಗ್ಗಿ ನೋಡಿದೆ. ಎದುರಿಗೆ ಅವರ ಕಡೆಯ ಕಲ್ಲು, ನೀರಿನ ಮೇಲೆ ಅವರ ಸಂಪಿಗೆಯ ಎಲೆ. ಕಳ್ಳ ಸಿಕ್ಕಿಬಿದ್ದ! “ನಿಮ್ಮ ಎಲೆ ಕೊಳೆತೇ ಹಿಂಗಾಗಿರೋದು ಮಿಸ್. ಬಾವಿ ಮೇಲೆ ಬಾಗಿರೋ ಕೊಂಬೆಗಳನ್ನ ತೆಗೆಸ್ಬಿಡಿ” ಅಂದೆ. ಕೊಂಬೆ ಅಂದೆನೇ ಹೊರತು, ಅದು ಮುಕ್ಕಾಲು ಮರ. ಮಿಸ್ ತಲೆಯೆತ್ತಿ ಮರವನ್ನು ನೋಡಿ, “ಹಾಗಂತೀರಾ?” ಎಂದಷ್ಟೇ ಹೇಳಿ ಒಳಗೆ ಹೋದರು.

ಭಾನುವಾರ ಮರ ಕಡಿಯುವವನು ಹಗ್ಗ, ಮಚ್ಚು ಹಿಡಿದು ಬಂದೇಬಿಟ್ಟ. ಮಿಸ್ ಗೋಡೆಯಾಚೆಯಿಂದ ಕರೆದರು. “ಮೂರ್ತಿಯವರೇ, ಒಂದ್ನಿಮಿಷ ಬನ್ನಿ. ಯಾವ್ಯಾವ ಕೊಂಬೆ ಅಂತ ನೀವೇ ತೋರಿಸ್ಬಿಡಿ. ಹಾಗೇ ನಮ್ಮ ಕಡೆಯಿಂದ ಬಾವೀನೂ ಒಂದ್ಸಲ ಬಗ್ಗಿ ನೋಡಿ.”

ಇಷ್ಟು ವರ್ಷದಲ್ಲಿ ಆ ಕಡೆಯಿಂದ ನಾನು ಬಾವಿಗೆ ಬಗ್ಗಿದವನೇ ಅಲ್ಲ. ಬಗ್ಗಿದೆ. ಎದುರಿಗೆ ಕಂಡದ್ದು ನಮ್ಮ ಕಡೆಯ ಕಲ್ಲು. ನಾನು ಕೊರೆಸಿದ ತೂತಿನಿಂದ ನೀರಿನವರೆಗೂ ದಪ್ಪನೆಯ ಪಾಚಿ ಇಳಿದಿತ್ತು. ನನ್ನ ಲಾನಿಗಿಂತ ಸೊಂಪಾಗಿತ್ತು. ನಮ್ಮ ಕಡೆ ನಿಂತರೆ ಅದು ನೇರ ಕಾಲ ಕೆಳಗೆ. ಅಷ್ಟಿಷ್ಟು ಕಾಣಬಹುದಾಗಿದ್ದನ್ನೂ ನನ್ನ ಹೊಟ್ಟೆ ಮರೆಮಾಡಿತ್ತು. ಹುಲ್ಲಿಗೆಂದು ಎರಚಿದ್ದನ್ನೆಲ್ಲ ಮಳೆ ತೊಳೆದು, ನನ್ನದೇ ಕಾಲುವೆಯಲ್ಲಿ ತಂದು, ಪಾಚಿಗೆ ಉಣಬಡಿಸಿತ್ತು. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ಓಡಿಸಲು ಹೋಗಿದ್ದೆ.

“ಕೊಂಬೆ ಬೇಡ ಮಿಸ್” ಅಂದೆ.

“ಯಾಕೆ?” ಬರೀ ಉತ್ತರಕ್ಕೆ ಅವರು ಯಾವತ್ತೂ ಮಾರ್ಕ್ಸ್ ಕೊಟ್ಟವರಲ್ಲ.

“ನನ್ನ ಲಾನಿನ ಗೊಬ್ಬರ ಮಿಸ್. ಅದೇ ಬಾವಿಗಿಳಿದಿದೆ.”

“ಸರಿ. ಕೂತ್ಕೊಳ್ಳಿ” ಎಂದು ಕಾಫಿ ತರಲು ಒಳಗೆ ಹೋದರು. ಮರ ಕಡಿಯುವವನಿಗೂ ಒಂದು ಲೋಟ ಬಂತು. ಅವನು ಅದನ್ನು ಕುಡಿದು ಹಗ್ಗ ಸುತ್ತಿಕೊಂಡು ಹೊರಟ.

“ನಿಮಗೆ ಮೊದ್ಲೇ ಗೊತ್ತಿತ್ತಲ್ವಾ? ಹೇಳ್ಬಾರ್ದಿತ್ತಾ?” ಎಂದು ಕೇಳಿದೆ. “ಹೇಳಿದ್ರೆ ಒಪ್ತಿದ್ರಾ?” ಅಂದರು. ಒಪ್ಪುತ್ತಿರಲಿಲ್ಲ, ಇನ್ನೊಂದು ಉಪನ್ಯಾಸ ಕೊಡುತ್ತಿದ್ದೆ. ಗೋಡೆಯ ಮೇಲಿಂದ ಅವರು ಒಂದು ಕೂಗು ಹಾಕಿದ್ದರೆ ಬೀದಿಯಲ್ಲಿ ನನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ತಮ್ಮ ಮರವನ್ನೇ ಮಚ್ಚಿನ ಬಾಯಿಗೆ ಒಡ್ಡಿ, ಉತ್ತರವನ್ನು ನನ್ನ ಕೈಯಲ್ಲೇ ಹೇಳಿಸಿದರು. ಆ ಋಣ ನಾನು ಮರೆಯುವಂಥದ್ದಲ್ಲ. ಬಾವಿಯ ಮಾತು ಹಾಗಿರಲಿ, ಗೇಟಿನ ಕಡೆಯಿಂದ ಚರಂಡಿಗೆ ಹರಿದ ನನ್ನ ಯೂರಿಯಾ ಯಾವ ಕೆರೆಯನ್ನು ಹಸಿರು ಮಾಡಿತೋ! ಆ ಕೆರೆಗೆ “ಬಗ್ಗಿ ನೋಡಿ” ಎಂದು ಕರೆಯುವ ಮಿಸ್ ಇರಲಿಲ್ಲ.

ಈಗ ಬಾವಿಯ ಪಾಚಿ ಕೆರೆಸಿದ್ದಾಗಿದೆ, ತೂತಿಗೆ ಸಿಮೆಂಟು ಬಿದ್ದಿದೆ. ಬಾವಿಯ ಸುತ್ತ ಒಂದೆಲಗ ವಾಪಸು ಬಂದು ಪದ್ಮಳ ತಂಬುಳಿಯೂ ಶುರುವಾಗಿದೆ. ಕತ್ತರಿಸಿದ ಹುಲ್ಲನ್ನು ಗೊಬ್ಬರವಾಗಲೆಂದು ಲಾನಿನ ಮೇಲೇ ಬಿಡುತ್ತೇನೆ. ನಾನು ಬೈದಿದ್ದ ಸಂಪಿಗೆ ಎಲೆಗಳನ್ನೇ ಗುಡಿಸಿ ತಂದು ಕೊಳೆಸಿ ಗೊಬ್ಬರ ಮಾಡುತ್ತೇನೆ. ಲಾನು ಮೊದಲಿನಷ್ಟು ಹಸಿರಿಲ್ಲ. ಬಾವಿಯ ನೀರೂ ಹಸಿರಿಲ್ಲ, ಸದ್ಯ. ತಿಳಿನೀರಿನ ಮೊದಲ ಕೊಡ ಸೇದಿದ ದಿನ ಮಿಸ್ ದೇವರಿಗೆ, “ಮೂರ್ತಿಯವರು ಕಳ್ಸಿದಾರೆ” ಅಂದದ್ದು ಕೇಳಿ ನನ್ನ ಕಣ್ಣು ತುಂಬಿತು.

ಪಾಚಿ ಮತ್ತೆ ಬಂದಿದೆಯೇ ಎಂದು ನೋಡಲು ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಈ ಹೊಟ್ಟೆ ಕರಗಿದರೆ ನಮ್ಮ ಕಡೆಯಿಂದಲೇ ಬಗ್ಗಿ ನೋಡಬಹುದು. ಆದರೆ ಹೋದಾಗಲೆಲ್ಲ ಮಿಸ್ ಕಾಫಿಯ ಜೊತೆಗೆ ಬೆಣ್ಣೆ ಹಾಕಿದ ಕೋಡುಬಳೆಯನ್ನೂ ಇಡುತ್ತಾರೆ. ಎಷ್ಟು ಹಾಕಿದರೆ ಸಾಕು ಎಂಬುದು ಹುಲ್ಲಿನ ವಿಷಯದಲ್ಲಿ ಮಾತ್ರ ನನಗೆ ಗೊತ್ತಾಗಿದೆ.